ಬೆಕ್ಕಿನ ಉಗುರಿಗೆ ಟೊಪ್ಪಿಗೆ

ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಮಗಳು ಎಂ.ಕೆ. ಹುಬ್ಬಳ್ಳಿಗೆ ಬಂದಾಗ, ಅವಳೊಡನೆ ಮೊಮ್ಮಗಳೂ ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಅವರ ಬೆಕ್ಕು ಚಿನ್ನಿಯೂ ಬಂದಿದ್ದರು. ಬುಟ್ಟಿಯಿಂದ ಹೊರಬಂದ ಚಿನ್ನಿಯ ಮುಂಗಾಲುಗಳನ್ನು ಕಂಡು ನನ್ನ ಮನೆಯಾಕೆ ಬೆರಗಾದಳು.

"ಇದೇನವ್ವಾ, ಬೆಕ್ಕಿನ ಉಗುರಿಗೂ ಬಣ್ಣಾ ಹಚ್ಚೀರೇನು?"

"ಬಣ್ಣ ಅಲ್ಲ ಅಜ್ಜೀ, ಟೊಪ್ಪಿಗೆ!" ಎಂದು ಮೊಮ್ಮಗಳು ನಕ್ಕಳು.

ಪ್ರಿಯ ಓದುಗರೇ, ನನಗೂ ಇದು ಹೊಸ ಸಂಗತಿಯೇ. ನಮ್ಮ ಮನೆಯಲ್ಲಿ ಜೋಳದ ಚೀಲಗಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು ಎಂಬುದಷ್ಟೇ ಲೆಕ್ಕ. ಆ ಬೆಕ್ಕುಗಳು ಬೇವಿನ ಮರದ ಬೊಡ್ಡೆಯನ್ನು ಕೆರೆಯುತ್ತಿದ್ದವು, ಗೋಣಿಚೀಲವನ್ನು ಕೆರೆಯುತ್ತಿದ್ದವು. ಒಮ್ಮೊಮ್ಮೆ ಅವ್ವ ಹೊಲಿದ ಕೌದಿಗೂ ಉಗುರು ಹಾಕಿ ಬೈಸಿಕೊಳ್ಳುತ್ತಿದ್ದವು. ಬೆಕ್ಕಿನ ಉಗುರು ಒಂದು ಸಮಸ್ಯೆಯೆಂದು ಯಾರಿಗೂ ತೋರಿರಲಿಲ್ಲ.

ಬೆಂಗಳೂರಿನ ಬಾಡಿಗೆ ಮನೆಯ ಸಂಗತಿ ಬೇರೆ. ಅಲ್ಲಿ ಬೇವಿನ ಮರವಿಲ್ಲ, ಗೋಣಿಚೀಲವಿಲ್ಲ. ಇರುವುದು ಮನೆಯ ಮಾಲೀಕರ ಸೋಫಾ. ಚಿನ್ನಿ ಅದರ ಎರಡೂ ತೋಳುಗಳನ್ನು ಹರಿದು ನಾರುನಾರಾಗಿಸಿತು. ಅಳಿಯಂದಿರು ಬೇಸತ್ತು, "ಒಂದೋ ಉಗುರಿಗೆ ದಾರಿ ಹುಡುಕು, ಇಲ್ಲವೇ ಬೆಕ್ಕನ್ನು ಯಾರಿಗಾದರೂ ಕೊಟ್ಟುಬಿಡು" ಎಂದರಂತೆ. ಮೊಮ್ಮಗಳು ಎರಡು ಹೊತ್ತು ಊಟ ಬಿಟ್ಟಳು. ಆಗ ಮಗಳು ಹುಡುಕಿದ ದಾರಿಯೇ ಈ ಟೊಪ್ಪಿಗೆ.

ಇವು ಮೃದುವಾದ ವಿನೈಲ್‌ನ ಪುಟ್ಟ ಕವಚಗಳು. ಮೊದಲು ಉಗುರಿನ ಮೊನೆಯನ್ನು ಕತ್ತರಿಸಿ, ಕವಚದೊಳಗೆ ಒಂದು ಹನಿ ಅಂಟು ಹಾಕಿ, ಉಗುರಿನ ಮೇಲೆ ಕೂರಿಸುತ್ತಾರೆ. ಬೆಕ್ಕಿನ ಮುಂಗಾಲುಗಳಲ್ಲಿ ಐದೈದು, ಹಿಂಗಾಲುಗಳಲ್ಲಿ ನಾಲ್ಕುನಾಲ್ಕು, ಹೀಗೆ ಒಟ್ಟು 18 ಉಗುರುಗಳು. ಸಾಮಾನ್ಯವಾಗಿ ಮುಂಗಾಲಿನ ಹತ್ತಕ್ಕಷ್ಟೇ ಕವಚ ಹಾಕುತ್ತಾರೆ. ಉಗುರಿನ ಹೊರಪೊರೆ ಕಳಚುವಾಗ ಅದರೊಡನೆ ಕವಚವೂ ಬೀಳುತ್ತದೆ. ನಾಲ್ಕರಿಂದ ಆರು ವಾರಗಳಲ್ಲಿ ಮತ್ತೆ ಹೊಸದನ್ನು ಹಾಕಬೇಕು.

ವಿದೇಶಗಳಲ್ಲಿ ಇದಕ್ಕಿಂತ ಘೋರವಾದ ಒಂದು ಪದ್ಧತಿ ಬಹುಕಾಲ ನಡೆದುಬಂದಿದೆ. ಉಗುರು ಮತ್ತೆ ಬೆಳೆಯದಂತೆ ಬೆರಳಿನ ತುದಿಯ ಮೂಳೆಯನ್ನೇ ಶಸ್ತ್ರಕ್ರಿಯೆಯಿಂದ ಕತ್ತರಿಸಿಬಿಡುವುದು! ನಮ್ಮ ಬೆರಳುಗಳನ್ನು ತುದಿಯ ಗೆಣ್ಣಿಗೆ ಕಡಿದಂತೆ. ಯುರೋಪಿನ ರಾಷ್ಟ್ರಗಳು 1987ರ ಒಪ್ಪಂದದಲ್ಲಿ ಇದನ್ನು ನಿಷೇಧಿಸಿದವು. ಅಮೆರಿಕದ ನ್ಯೂಯಾರ್ಕ್ ರಾಜ್ಯ 2019ರಲ್ಲಿ ನಿಷೇಧಿಸಿತು. ಪ್ರಾಣಿಗಳನ್ನು ಅಂಗಹೀನಗೊಳಿಸುವುದು ನಮ್ಮ ದೇಶದ 1960ರ ಕಾಯಿದೆಯ ಪ್ರಕಾರವೂ ಕ್ರೌರ್ಯವೇ. ಆ ಶಸ್ತ್ರಕ್ರಿಯೆಯ ಮುಂದೆ ಈ ಟೊಪ್ಪಿಗೆ ನೂರು ಪಾಲು ಮೇಲು ಎಂಬುದರಲ್ಲಿ ಸಂಶಯವಿಲ್ಲ. ಮಗಳಿಗೆ ನಾನೂ "ಒಳ್ಳೆಯ ಉಪಾಯ" ಎಂದೇ ಹೇಳಿದೆ.

ಮೂರನೆಯ ದಿನ ನಾವೆಲ್ಲ ಮಲಪ್ರಭೆಯ ಗಂಗಾಂಬಿಕೆಯ ಐಕ್ಯಸ್ಥಳಕ್ಕೆ ಹೋಗಿ ಸಂಜೆ ಮರಳಿದೆವು. ಬಾಗಿಲು ತೆರೆದೊಡನೆ ಚಿನ್ನಿ ನಮ್ಮ ಕಾಲ ಸಂದಿಯಿಂದ ಅಂಗಳಕ್ಕೆ ಜಿಗಿಯಿತು. ಓಣಿಯ ನಾಯಿಯೊಂದು ಅದನ್ನು ಕಂಡಿತು. ಚಿನ್ನಿ ಬೇವಿನ ಮರಕ್ಕೆ ನೆಗೆಯಿತು; ಮುಂಗಾಲುಗಳು ತೊಗಟೆಯ ಮೇಲೆ ಜಾರಿದವು. ಮತ್ತೆ ನೆಗೆಯಿತು, ಮತ್ತೆ ಜಾರಿತು. ನಮ್ಮ ಮನೆಯ ಎಷ್ಟೋ ಬೆಕ್ಕುಗಳ ಪ್ರಾಣ ಉಳಿಸಿದ ಮರ ಅದು. ಅಂದು ಅದೇ ಮರದ ಬುಡದಲ್ಲಿ ಆ ಜೀವ ಆಸರೆಯಿಲ್ಲದೆ ನಿಂತಿತು. ಮನೆಯಾಕೆ ಕಸಬರಿಗೆ ಹಿಡಿದು ಓಡದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹರಿದ ಕಿವಿಯೊಡನೆ ಚಿನ್ನಿ ಒಳಗೋಡಿ ಜೋಳದ ಚೀಲಗಳ ಹಿಂದೆ ಅಡಗಿತು.

"ಅಜ್ಜಾ, ಅದಕ್ಕ ಏರಾಕ ಯಾಕ ಬರಲಿಲ್ಲ?" ಎಂದು ಮೊಮ್ಮಗಳು ಅಳುತ್ತ ಕೇಳಿದಳು. ಉತ್ತರ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಕ್ಕಿಗಿಂತ ಹೆಚ್ಚಾಗಿ ಒಬ್ಬ ಹುಡುಗ ನೆನಪಾಗುತ್ತಿದ್ದ. ನಾನು ಶಿಕ್ಷಕ ವೃತ್ತಿಗೆ ಸೇರಿದ ಮೊದಲ ವರ್ಷಗಳಲ್ಲಿ ನನ್ನ ತರಗತಿಯಲ್ಲಿ ಎಡಗೈಯಿಂದ ಬರೆಯುವ ಹುಡುಗನಿದ್ದ. ಎಡಗೈ ಬರವಣಿಗೆ ಒಂದು ದೋಷ, ಅದನ್ನು ತಿದ್ದುವುದು ಗುರುವಿನ ಕರ್ತವ್ಯ ಎಂದು ನಾನು ನಂಬಿದ್ದ ಕಾಲ ಅದು. ಅವನ ಎಡಗೈಗೆ ಕರವಸ್ತ್ರ ಸುತ್ತಿ ಕಟ್ಟಿ, ಬಲಗೈಗೆ ಬಳಪ ಕೊಟ್ಟೆ. ಹೊಡೆಯಲಿಲ್ಲ, ಬೈಯಲಿಲ್ಲ, ಮೆತ್ತನೆಯ ಬಟ್ಟೆಯಲ್ಲವೇ, ನೋವೇನೂ ಇಲ್ಲವಲ್ಲ ಎಂದುಕೊಂಡೆ. ಪಾಟಿಯ ಮೇಲೆ ಅಕ್ಷರಗಳು ದುಂಡಗಾಗಲಿಲ್ಲ. ಪ್ರಶ್ನೆ ಕೇಳಿದಾಗ ಎಲ್ಲರಿಗಿಂತ ಮೊದಲು ಕೈಯೆತ್ತುತ್ತಿದ್ದ ಆ ಹುಡುಗ ಕೈಯೆತ್ತುವುದನ್ನೇ ಬಿಟ್ಟ.

ನೋವಾಗದಂತೆ ಕಟ್ಟಿದರೂ ಕಟ್ಟು ಕಟ್ಟೇ. ಇದನ್ನು ಅರಿಯಲು ನನಗೆ ಒಂದು ಬೆಕ್ಕು ಬೇಕಾಯಿತು.

ಬೆಕ್ಕು ಕೆರೆಯುವುದು ಹಟದಿಂದಲ್ಲ, ನಮ್ಮ ಮೇಲಿನ ಸಿಟ್ಟಿನಿಂದಲೂ ಅಲ್ಲ. ಉಗುರಿನ ಹಳೆಯ ಪೊರೆ ಕಳಚಬೇಕು. ನಿದ್ದೆಯಿಂದೆದ್ದ ಮೈಯನ್ನು ಸೆಟೆದು ಸಡಿಲಿಸಬೇಕು. ಅಂಗಾಲಿನ ಗ್ರಂಥಿಗಳ ವಾಸನೆಯಿಂದ 'ಇದು ನನ್ನ ಜಾಗ' ಎಂದು ಗುರುತು ಹಾಕಬೇಕು. ಅದರ ಪಾಲಿಗೆ ಇದು ಸ್ನಾನದಷ್ಟೇ ಸಹಜ ನಿತ್ಯಕರ್ಮ. ಆದ್ದರಿಂದ ಕೆರೆಯುವುದನ್ನು ತಡೆಯುವ ಮೊದಲು ಕೆರೆಯಲು ಜಾಗ ಕೊಟ್ಟಿದ್ದೇವೆಯೇ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು.

ಬೆಂಗಳೂರಿನ ಅಂಗಡಿಗಳಲ್ಲಿ ಬೆಕ್ಕು ಕೆರೆಯಲೆಂದೇ 'ಸೈಸಲ್' ಹಗ್ಗ ಸುತ್ತಿದ ಕಂಬಗಳು ದೊರೆಯುತ್ತವೆಯಂತೆ. ಆ ಸೈಸಲ್ ಎಂದರೆ ನಮ್ಮ ಕತ್ತಾಳೆಯ ಜಾತಿಯ ನಾರೇ! ನಾನು ಮರುದಿನ ಬಡಗಿಯಿಂದ ಮೂರು ಅಡಿ ಎತ್ತರದ ಕಂಬವೊಂದನ್ನು ಅಗಲವಾದ ಹಲಗೆಗೆ ಬಿಗಿಸಿ ತಂದು, ನಾರಿನ ಹಗ್ಗವನ್ನು ಒತ್ತೊತ್ತಾಗಿ ಸುತ್ತಿದೆ. ಕಂಬ ಅಲುಗಾಡಬಾರದು, ಬೆಕ್ಕು ಪೂರ್ತಿ ಮೈಚಾಚುವಷ್ಟು ಎತ್ತರವಿರಬೇಕು, ಅದು ಮಲಗುವ ಜಾಗದ ಬಳಿ ಅಥವಾ ಅದು ಈಗಾಗಲೇ ಹಾಳುಮಾಡಿದ ಸೋಫಾದ ಪಕ್ಕದಲ್ಲಿಯೇ ನಿಲ್ಲಿಸಬೇಕು. ಜೊತೆಗೆ ಎರಡು ಮೂರು ವಾರಕ್ಕೊಮ್ಮೆ ಉಗುರಿನ ಬಿಳಿಯ ಮೊನೆಯನ್ನಷ್ಟೇ ಕತ್ತರಿಸಬೇಕು. ಒಳಗಿನ ಗುಲಾಬಿ ಭಾಗದಲ್ಲಿ ರಕ್ತನಾಳವಿದೆ, ಅದನ್ನು ಮುಟ್ಟಬಾರದು.

ಹಾಗಾದರೆ ಟೊಪ್ಪಿಗೆ ಬೇಡವೇ? ನಾನು ಹಾಗೆನ್ನುವುದಿಲ್ಲ. ಮನೆಯಲ್ಲಿ ಹಸುಗೂಸಿದ್ದರೆ, ತೆಳುಚರ್ಮದ ವೃದ್ಧರಿದ್ದರೆ, ಬೆಕ್ಕನ್ನು ಬೀದಿಗೆ ಬಿಡುವ ಪ್ರಸಂಗವೇ ಬಂದಿದ್ದರೆ, ಅದು ಒಂದು ಮನೆಯನ್ನೂ ಒಂದು ಜೀವವನ್ನೂ ಉಳಿಸಬಲ್ಲದು. ಆದರೆ ಸದಾ ಒಳಗೇ ಇರುವ ಬೆಕ್ಕಿಗೆ ಮಾತ್ರ; ಸರಿಯಾದ ಅಳತೆಯದು ಮಾತ್ರ; ಮೊದಲ ಸಲ ಪಶುವೈದ್ಯರ ಕೈಯಿಂದಲೇ. ಹಾಕಿ ಮರೆತುಬಿಟ್ಟರೆ ಒಳಗೆ ಬೆಳೆದ ಉಗುರು ಅಂಗಾಲಿಗೇ ಚುಚ್ಚಬಹುದು. ಟೊಪ್ಪಿಗೆ ಇದೆಯೆಂದು ಮೈಮರೆಯಲೂಬಾರದು. ಬೆಕ್ಕಿಗೆ ಹಲ್ಲೂ ಇದೆ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ವೈದ್ಯರನ್ನು ಕಂಡು ರೇಬೀಸ್ ಲಸಿಕೆಯ ಬಗ್ಗೆ ಕೇಳಬೇಕು.

ಮಗಳು ಪಶುವೈದ್ಯರಿಗೆ ಫೋನ್ ಮಾಡಿ ಕೇಳಿಕೊಂಡು, ಆ ಹತ್ತೂ ಟೊಪ್ಪಿಗೆಗಳನ್ನು ಒಂದೊಂದಾಗಿ ತೆಗೆದಳು. ಕಂಬ ಈಗ ಬೆಂಗಳೂರಿನಲ್ಲಿದೆ. ಸೋಫಾದ ಪಕ್ಕದಲ್ಲಿ ನಿಲ್ಲಿಸಿದ ಎರಡನೆಯ ವಾರದಿಂದ ಚಿನ್ನಿ ಹೆಚ್ಚಾಗಿ ಅದನ್ನೇ ಕೆರೆಯುತ್ತಿದೆಯಂತೆ. ಒಮ್ಮೊಮ್ಮೆ ಸೋಫಾದ ನೆನಪೂ ಆಗುತ್ತದಂತೆ, ಆಗಲಿ. ಅಳಿಯಂದಿರು ಹಳೆಯ ಚಾದರವೊಂದನ್ನು ಅದಕ್ಕೆ ಹೊದಿಸಿ ರಾಜಿಯಾಗಿದ್ದಾರೆ.

ನನ್ನ ಹಳೆಯ ವಿದ್ಯಾರ್ಥಿಗಳು ಅನೇಕರು ಈ ಬರಹಗಳನ್ನು ಓದುತ್ತಾರೆ. ಆ ಎಡಗೈ ಹುಡುಗನೂ ಅವರಲ್ಲಿ ಇದ್ದರೆ, ಅವನಿಗೊಂದು ಮಾತು: ತಮ್ಮಾ, ಅಂದು ತಪ್ಪಿದ್ದು ನಿನ್ನ ಕೈಯಲ್ಲ. ನಿನ್ನ ಮಕ್ಕಳಲ್ಲಿ ಯಾರಾದರೂ ಎಡಗೈಯಿಂದ ಬರೆಯುತ್ತಿದ್ದರೆ, ಬರೆಯಲು ಬಿಡು.