ವೈಟ್ ಬೋರ್ಡ್ ಬಾಡಿಗೆ: ಆಕ್ಸಿಡೆಂಟ್ ಆದರೆ ದುಡ್ಡು ಯಾರು ಕೊಡ್ತಾರೆ?

ಶಿಡ್ಲಘಟ್ಟದವರಿಗೆ ಏರ್‌ಪೋರ್ಟ್ ದೂರವೇನಲ್ಲ. ವಿಜಯಪುರ, ದೇವನಹಳ್ಳಿ ದಾಟಿದರೆ ಬಂತು. ರೀಲಿಂಗ್ ಕೆಲಸ ಡಲ್ ಆದ ತಿಂಗಳು ಕಾರಿನ ಇಎಂಐ ಕಟ್ಟೋಕೆ ವಾರಕ್ಕೆರಡು ಡ್ರಾಪ್ ಹೊಡೆದರೆ ತಪ್ಪೇನು? ಓಲಾ, ಊಬರ್‌ ಕ್ಯಾಬ್‌ಗೆ ಎಲ್ಲೋ ಬೋರ್ಡ್ ಬೇಕು. ಹಾಗಾಗಿ ವೈಟ್ ಬೋರ್ಡಿನವನಿಗೆ ಟ್ರಿಪ್ ಸಿಗೋದು ವಾಟ್ಸಾಪ್ ಗ್ರೂಪಿನಲ್ಲಿ. 'ಇನ್ಶೂರೆನ್ಸ್ ಇದೆಯಲ್ಲಣ್ಣ' ಅನ್ನೋದು ಧೈರ್ಯ.

ಆ ಧೈರ್ಯ ಪೊಳ್ಳು. ಖಾಸಗಿ ಕಾರಿನ ಪಾಲಿಸಿಯಲ್ಲಿ 'ಬಳಕೆಯ ಮಿತಿ' ಅಂತ ಒಂದು ಕಲಂ ಇರುತ್ತೆ: ಬಾಡಿಗೆಗೆ ಓಡಿಸುವಂತಿಲ್ಲ. ನೀವು ಗುದ್ದಿದ ಬೈಕಿನವನಿಗೆ ಪರಿಹಾರ ಕೊಡಿ ಅಂತ ಕೋರ್ಟ್ ವಿಮಾ ಕಂಪನಿಗೆ ಹೇಳಬಹುದು. ಆದರೆ 'ಮೊದಲು ಕೊಡು, ಆಮೇಲೆ ಮಾಲೀಕನಿಂದ ವಸೂಲಿ ಮಾಡ್ಕೋ' ಅಂತಲೂ ಅದೇ ಆದೇಶದಲ್ಲಿ ಇರಬಹುದು. ಸಾವಿನ ಪ್ರಕರಣದಲ್ಲಿ ಆ ಮೊತ್ತ ಲಕ್ಷಗಳಲ್ಲಿ. ಜಮೀನು ಮಾರಬೇಕಾಗುತ್ತೆ. ನಿಮ್ಮ ಸ್ವಂತ ಕಾರಿನ ರಿಪೇರಿಗೆ ಸ್ವಲ್ಪ ಆಸೆ ಇದೆ: 2010ರ ಅಮಲೇಂದು ಸಾಹೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಳಕೆಯ ಷರತ್ತು ಮುರಿದಿದ್ದಕ್ಕೆ ಕ್ಲೇಮ್ ಪೂರ್ತಿ ತಳ್ಳಿಹಾಕಬೇಡಿ, ಶೇ 75ರವರೆಗೆ ಕೊಡಬಹುದು ಅನ್ನೋ ನಿಲುವು ತಗೊಂಡಿತು. ಅಷ್ಟಕ್ಕೂ ಗ್ರಾಹಕ ಕೋರ್ಟಿಗೆ ಅಲೆಯಬೇಕು.

ಹಾಗಾದರೆ ಎಲ್ಲೋ ಬೋರ್ಡ್ ಮಾಡಿಸಿ ಅನ್ನಬಹುದು. ಲೆಕ್ಕ ನೋಡಿ. 2022ರ ದರಪಟ್ಟಿಯಲ್ಲಿ 1000ದಿಂದ 1500 ಸಿಸಿ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ 3,416 ರೂ. ಅದೇ ಕಾರು ಟ್ಯಾಕ್ಸಿ ಆದರೆ 7,940 ರೂ., ಜತೆಗೆ ಪ್ರತಿ ಪ್ರಯಾಣಿಕನಿಗೆ 978. ನಾಲ್ಕು ಜನಕ್ಕೆ 11,852. ಮೂರೂವರೆ ಪಟ್ಟು! ಪರ್ಮಿಟ್, ಎಫ್‌ಸಿ ಬೇರೆ. ದಿನಾ ಓಡಿಸುವವನಿಗೆ ಇದು ಧಂದೆಯ ಖರ್ಚು. ವಾರಕ್ಕೆರಡು ಟ್ರಿಪ್‌ನವನಿಗೆ ದಂಡ. (ಬೋರ್ಡ್ ಬದಲಿಸಿ ಪಾಲಿಸಿ ಬದಲಿಸೋದು ಮರೆತರೆ ಮತ್ತೆ ಅದೇ ಗುಂಡಿ.)

ಓಡಿಸಿದ ಕಿಲೋಮೀಟರಿಗೆ ತಕ್ಕಂತೆ ಸ್ವಂತ ಹಾನಿಯ ಪ್ರೀಮಿಯಂ ಕಟ್ಟೋ ಪಾಲಿಸಿಗೆ ಐಆರ್‌ಡಿಎಐ 2022ರಲ್ಲೇ ಒಪ್ಪಿದೆ. ಕಿಲೋಮೀಟರ್ ಅಳೆಯೋಕೆ ಆಗುತ್ತೆ ಅಂದಮೇಲೆ ಬಾಡಿಗೆಯ ದಿನಗಳನ್ನ ಅಳೆಯೋಕೆ ಆಗಲ್ವಾ? ಆದರೆ ಅದಕ್ಕೆ ಮೊದಲು ಮೋಟಾರು ಕಾನೂನಿನಲ್ಲಿ ಬಿಳಿ–ಹಳದಿ ನಡುವೆ ಅರೆಕಾಲಿಕ ಅನ್ನೋ ಬಣ್ಣವೊಂದು ಬೇಕು. ರಾಜ್ಯದ 2025ರ ಗಿಗ್ ಕಾರ್ಮಿಕರ ಕಾಯ್ದೆ ಆಪ್ ಕಂಪನಿಗಳಿಂದ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಕೇಳುತ್ತೆ. ಒಳ್ಳೇದೇ. ಆದರೆ ವಾಟ್ಸಾಪಿನಲ್ಲಿ ಟ್ರಿಪ್ ಹಿಡಿಯೋ ನಮ್ಮ ಹುಡುಗನ ಹಿಂದೆ ಶುಲ್ಕ ಕಟ್ಟೋ ಕಂಪನಿಯೇ ಇಲ್ಲ.