ದೋಣಿಗೆ ಗುಂಡು ಕಟ್ಟೋ ಮುಂಚೆ

(1/4)
ಸ್ಟೋರಿ ನೋಡಿ ತುಂಬ ಜನ ಕೇಳಿದ್ರಿ, "ಇದೇನು ಬಾವಿ ರಾಟೆನಾ?" ಅಂತ. ಅಲ್ಲ. ಇದು ಡೌನ್‌ರಿಗ್ಗರ್. ಕೆನಡಾದಲ್ಲಿರೋ ನಮ್ಮ ದೊಡ್ಡಪ್ಪನ ಮಗ, ಅಂದ್ರೆ ನಮ್ಮಣ್ಣ, ಈ ಸಲ ಹಾನುಬಾಳಿಗೆ ಬರುವಾಗ ಸೂಟ್‌ಕೇಸಲ್ಲಿ ಹೊತ್ಕೊಂಡು ಬಂದಿದ್ದು. ಕೈಯಲ್ಲಿ ತಿರುಗಿಸೋದು, ಬ್ಯಾಟರಿ ಬೇಡ.

ಕೆಲಸ ಸರಳ. ಒಂದು ಚಕ್ರ, ಅದಕ್ಕೆ ಸುತ್ತಿದ ಸ್ಟೀಲ್ ತಂತಿ, ದೋಣಿಯಿಂದ ಆಚೆ ಚಾಚಿರೋ ಒಂದು ತೋಳು. ತಂತಿಯ ತುದಿಗೆ ನಾಲ್ಕೈದು ಕೆಜಿ ಗುಂಡು. ಗುಂಡಿನ ಹತ್ರ ಒಂದು ಕ್ಲಿಪ್, ಅದರಲ್ಲಿ ಗಾಳದ ದಾರ ಸಿಕ್ಕಿಸ್ತಾರೆ. ಗುಂಡು ಇಳಿದಷ್ಟು ಆಳಕ್ಕೆ ಗಾಳನೂ ಇಳಿಯುತ್ತೆ. ಎಷ್ಟು ಅಡಿ ಇಳೀತು ಅಂತ ಮೀಟರ್ ಹೇಳುತ್ತೆ. ಮೀನು ಕಚ್ಚಿದ ತಕ್ಷಣ ಕ್ಲಿಪ್ ದಾರ ಬಿಡುತ್ತೆ. ಆಮೇಲೆ ಮೀನಿಗೂ ಗಾಳದ ಕೋಲಿಗೂ ಮಧ್ಯೆ ಆ ಭಾರ ಇರಲ್ಲ.

ಅಣ್ಣ ಮೀನು ಹಿಡಿಯೋದು ಒಂಟಾರಿಯೊ ಸರೋವರದಲ್ಲಿ. ಅಲ್ಲಿ ಸಾಲ್ಮನ್‌ಗೆ ತಣ್ಣನೆ ನೀರೇ ಬೇಕು, 10ರಿಂದ 13 ಡಿಗ್ರಿ ಆಸುಪಾಸು. ಬೇಸಿಗೆಯಲ್ಲಿ ಮೇಲಿನ ನೀರು ಬಿಸಿಯಾದ್ರೆ ಮೀನು ಕೆಳಗಿನ ಪದರಕ್ಕೆ ಹೋಗುತ್ತೆ. ಗಾಳನೂ ಅಲ್ಲಿಗೇ ಹೋಗ್ಬೇಕಲ್ಲ, ಅದಕ್ಕೆ ಈ ಯಂತ್ರ. ಅಲ್ಲಿಗೆ ಇದು ಸರಿಯಾದ ಸಾಮಾನೇ. "ಇದನ್ನ ನಮ್ಮ ಹೇಮಾವತಿ ಹಿನ್ನೀರಲ್ಲಿ ಹಾಕೋಣ" ಅಂದ್ನಲ್ಲ, ನನ್ನ ತಕರಾರು ಅಲ್ಲಿಂದ ಶುರು.

(2/4)
ಸಕಲೇಶಪುರ ದಾಟಿ ಆಲೂರು ಕಡೆ ಹಿನ್ನೀರಿಗೆ ಹೋದ್ವಿ. ಅಲ್ಲಿ ಲೈಸೆನ್ಸ್ ಇರೋ ಒಬ್ಬ ಮೀನುಗಾರ ನಮಗೆ ಪರಿಚಯ. ಒಂದು ತೆಪ್ಪ, ಒಂದು ಸಣ್ಣ ಫೈಬರ್ ದೋಣಿ ಇಟ್ಕೊಂಡಿದ್ದಾನೆ. ಅಣ್ಣ ಡ್ರಿಲ್ ಮೆಷಿನ್ ತೆಗೆದಾಗ ಅವನು ಅಂದ: "ತೂತು ಹೊಡೆದು ನೀವು ಪ್ಲೇನ್ ಹತ್ತುತ್ತೀರಿ ಸಾರ್. ನಾಳೆ ಬೆಳಗ್ಗೆ ಬಲೆ ಎತ್ತೋಕೆ ನಾನು ಇದರಲ್ಲೇ ಹೋಗ್ಬೇಕು."

ಸರಿ ಅಂತ ಒಂದು ಹಲಗೆಗೆ ಯಂತ್ರ ಕೂರಿಸಿ, ಹಲಗೆಯನ್ನ ದೋಣಿ ಅಂಚಿಗೆ ಕ್ಲಾಂಪ್ ಹಾಕಿ ಬಿಗಿದ್ವಿ. ಅರ್ಧ ಗಂಟೆ ಏನೂ ಆಗ್ಲಿಲ್ಲ. ಆಮೇಲೆ ಗುಂಡು ಕೆಳಗೆ ಎಲ್ಲೋ ಸಿಕ್ಕಿಕೊಳ್ತು. ಗೊರೂರು ಅಣೆಕಟ್ಟು ಮುಗಿದಿದ್ದು 1979ರಲ್ಲಿ. ಅದರ ನೀರಡಿ ಹೊಲ, ಮರದ ಬುಡ, ಮನೆ ಗೋಡೆ ಎಲ್ಲ ಇದೆ. ಬೇಸಿಗೆಯಲ್ಲಿ ಶೆಟ್ಟಿಹಳ್ಳಿ ಚರ್ಚ್ ಫೋಟೊ ಹಾಕ್ತೀವಲ್ಲ, ನೀರೊಳಗೆ ಏನೇನಿದೆ ಅನ್ನೋಕೆ ಅದೊಂದೇ ಸಾಕ್ಷಿ ಸಾಕು.

ಬ್ರೇಕ್ ಪೂರ್ತಿ ಬಿಗಿದಿತ್ತು. ಗಾಳಿ ದೋಣಿನ ಮುಂದಕ್ಕೆ ತಳ್ತಿತ್ತು, ತಂತಿ ಹಿಂದಕ್ಕೆ ಹಿಡ್ಕೊಂಡಿತ್ತು. ದೋಣಿಯ ಒಂದು ಮೂಲೆ ಬಗ್ಗಿ, ಅಂಚಿಗೂ ನೀರಿಗೂ ನಾಲ್ಕು ಬೆರಳು ಉಳೀತು. ತಂತಿ ಕತ್ತರಿಸೋಕೆ ಕಟಿಂಗ್ ಪ್ಲೇಯರ್ ಇತ್ತಾ? ಕಾರಲ್ಲಿತ್ತು. ಮೀನುಗಾರ ಒಂದು ಮಾತೂ ಆಡದೆ ಹುಟ್ಟು ಹಾಕಿ ದೋಣಿನ ಹಿಂದಕ್ಕೆ, ಗುಂಡಿನ ನೇರ ಮೇಲಕ್ಕೆ ತಂದ. ತಂತಿ ಸಡಿಲ ಆಯ್ತು, ಗುಂಡು ಬಿಡ್ತು. ನಾವಿಬ್ಬರೂ ಲೈಫ್ ಜಾಕೆಟ್ ಹಾಕಿದ್ವಿ. ಅವನು ಹಾಕಿರಲಿಲ್ಲ, ಯಾಕಂದ್ರೆ ಇದ್ದಿದ್ದೇ ಎರಡು. ಆ ದಿನ ನನಗೆ ನಾಚಿಕೆ ಆಗಿದ್ದು ಅದಕ್ಕೇ.

(3/4)
ಹಾಗಂತ ಯಂತ್ರ ಕೆಟ್ಟದ್ದು ಅಂತಲ್ಲ. ಈ ಪೇಜ್ ಓದೋರಲ್ಲಿ ಹೊರದೇಶದಲ್ಲಿ ಇರೋರೂ ಇದ್ದೀರಿ, ಸಣ್ಣ ದೋಣಿಗೆ ಇದನ್ನ ಹಾಕಿಸೋ ಯೋಚನೆ ಇದ್ರೆ ನನ್ನ ಅಭಿಪ್ರಾಯ ಇಷ್ಟು.

ಮೊದಲು ಬ್ರೇಕ್ ನೋಡಿ. ಮೀಟರ್, ಬಣ್ಣ, ಉದ್ದ ತೋಳು ಎಲ್ಲ ಆಮೇಲೆ. ಬ್ರೇಕ್ ಗುಂಡಿನ ಭಾರ ಹಿಡಿದು ನಿಲ್ಲಬೇಕು, ಅದಕ್ಕಿಂತ ಸ್ವಲ್ಪ ಜಾಸ್ತಿ ಎಳೆದ್ರೆ ಜಾರಬೇಕು. ದಡದಲ್ಲೇ ಗುಂಡು ಹಿಡಿದು ಕೈಯಲ್ಲಿ ಎಳೆದು ನೋಡಿ. ಬ್ರೇಕ್ ಸಡಿಲಿಸಿದಾಗ ಹಿಡಿಕೆ ಗಿರಗಿರ ತಿರುಗೋ ಮಾದರಿ ಬೇಡ, ಬೆರಳು ಮುರಿಯುತ್ತೆ.

ಎರಡನೇದು, ತೋಳು ಗಿಡ್ಡ ಇರಲಿ. ಇವುಗಳ ತಂತಿ ಸಾಮಾನ್ಯವಾಗಿ 150 ಪೌಂಡ್, ಅಂದ್ರೆ ಸುಮಾರು 68 ಕೆಜಿ ತಡೆಯುತ್ತೆ. ಬ್ರೇಕ್ ಜಾರದಿದ್ರೆ, ತಂತಿ ಹರಿಯೋ ಹೊತ್ತಿಗೆ ಒಬ್ಬ ಆಳು ದೋಣಿಯಿಂದ ಎರಡಡಿ ಆಚೆ ಜೋತುಬಿದ್ದ ಲೆಕ್ಕ. ಹನ್ನೆರಡು ಅಡಿ ದೋಣಿ ಅದನ್ನ ತಡೆಯುತ್ತಾ, ನೀವೇ ಯೋಚನೆ ಮಾಡಿ.

ಮೂರನೇದು ಕೂರಿಸೋದು. ಬರೀ ಸ್ಕ್ರೂ ಸಾಲದು. ಆರ್‌ಪಾರ್ ಸ್ಟೇನ್‌ಲೆಸ್ ಬೋಲ್ಟ್ ಹಾಕಿ, ಒಳಗಡೆಯಿಂದ ಅಲ್ಯೂಮಿನಿಯಂ ಪಟ್ಟಿನೋ ಗಟ್ಟಿ ಪ್ಲೈವುಡ್ಡೋ ಆಧಾರ ಕೊಡಿ, ಭಾರ ಹಂಚಿಹೋಗ್ಲಿ. ತೂತಿನ ಸುತ್ತ ನೀರು ಇಳಿಯದ ಹಾಗೆ ಸೀಲ್ ಮಾಡಿ. ಕೂತಲ್ಲಿಂದಲೇ ಕೈಗೆ ಸಿಗೋ ಕಡೆ ಇರಲಿ, ಎದ್ದು ಬಗ್ಗಬೇಕಾದ ಜಾಗ ಬೇಡ. ತಂತಿ ಮೋಟಾರಿನ ಪಂಕದಿಂದ ದೂರ ಇರಲಿ. ಒಂದೇ ಕಡೆ ಹಾಕೋದಾದ್ರೆ ಇನ್ನೊಬ್ಬರು ಎದುರು ಬದಿ ಕೂರಲಿ. ತಂತಿ ಕತ್ತರಿಸೋ ಪ್ಲೇಯರ್ ದಾರ ಕಟ್ಟಿ ಪಕ್ಕದಲ್ಲೇ ಇಡಿ.

ತೆಪ್ಪಕ್ಕಂತೂ ಬೇಡವೇ ಬೇಡ. ಬಿದಿರು ಹೆಣಿಗೆಗೆ ಬೋಲ್ಟ್ ಕೂರೋ ಜಾಗವೇ ಇಲ್ಲ. ಮೇಲಾಗಿ ಅದು ಸುತ್ತುತ್ತೆ, ತಂತಿ ನಿಮ್ಮ ಕಾಲಿಗೇ ಸುತ್ತಿಕೊಳ್ಳುತ್ತೆ.

(4/4)
ಈಗ ನಮ್ಮ ನೀರಿನ ಮಾತು. ಕಾಟ್ಲಾ ಮೇಲಿನ ಪದರದಲ್ಲಿ ಮೇಯುತ್ತೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಮೂರೂ ಓಡೋ ಗಾಳವನ್ನ ಬೆನ್ನಟ್ಟೋ ಮೀನಲ್ಲ. ಬೇಟೆಯಾಡೋ ಕೊರವ ಮೀನು ಇರೋದು ದಡದ ಜೊಂಡಲ್ಲಿ, ಮೊಣಕಾಲುದ್ದ ನೀರಲ್ಲಿ. ಹಾಗಿದ್ಮೇಲೆ ಅರವತ್ತಡಿ ಆಳಕ್ಕೆ ಗುಂಡು ಬಿಟ್ಟು ನಾವು ಹುಡುಕ್ತಿರೋದು ಯಾರನ್ನ?

ನಮ್ಮಲ್ಲಿ ಆಳಕ್ಕೆ ಗಾಳ ಹಾಕೋ ಬುದ್ಧಿ ಇರಲಿಲ್ಲ ಅಂತೇನಿಲ್ಲ. ಕಾವೇರಿಯಲ್ಲಿ ಬಿಳಿ ಮೀನು, ಅಂದ್ರೆ ಮಹಶೀರ್ ಹಿಡೀತಿದ್ದವರು ತೆಪ್ಪದಲ್ಲಿ ಹೋಗಿ, ರಾಗಿ ಉಂಡೆ ಸಿಕ್ಕಿಸಿ, ದಾರಕ್ಕೆ ಮೆತ್ತನೆ ಸೀಸದ ತಂತಿ ಸುತ್ತಿ ಬಿಡ್ತಿದ್ರು. ಬಂಡೆಗೆ ಸಿಕ್ಕಿದ್ರೆ ಸೀಸ ಬಿಚ್ಚಿಕೊಂಡು ಹೋಗ್ತಿತ್ತು, ಮೀನು ದಾರದಲ್ಲೇ ಉಳೀತಿತ್ತು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ 120 ಪೌಂಡ್ ಮಹಶೀರ್ ಕಥೆ ಗೊತ್ತಿರಬಹುದು. ಆಗ ಯಾವ ಡೌನ್‌ರಿಗ್ಗರ್ ಇತ್ತು? ಇವತ್ತು ಆ ಡುಬ್ಬದ ಮಹಶೀರ್ ಅಳಿವಿನ ಅಂಚಲ್ಲಿದೆ, ಅದನ್ನ ಹಿಡಿಯಿರಿ ಅಂತ ನಾನು ಹೇಳ್ತಿಲ್ಲ. ಆ ಸೀಸದ ಹಿಂದಿನ ಬುದ್ಧಿ ನೋಡಿ ಅಂತಿದ್ದೀನಿ. ಕುಡಿಯೋ ನೀರಿಗೆ ಸೀಸ ಬೇಡ ಅಂದ್ರೆ ಒಂದು ಸಣ್ಣ ಕಲ್ಲನ್ನ ಹತ್ತಿ ನೂಲಲ್ಲಿ ಕಟ್ಟಿ. ಸಿಕ್ಕಿಕೊಂಡ್ರೆ ನೂಲು ಹರಿಯುತ್ತೆ, ಕಲ್ಲು ಕಲ್ಲಿನ ಜೊತೆ ಉಳಿಯುತ್ತೆ.

ಸಣ್ಣ ದೋಣಿಗೆ ಏನೇ ಭಾರ ಕಟ್ಟಿ, ಅದು ತಾನಾಗೇ ಬಿಟ್ಟುಹೋಗೋ ಹಾಗಿರಬೇಕು. ಐದು ರೂಪಾಯಿ ನೂಲಿಗೂ ಸಾವಿರಾರು ರೂಪಾಯಿ ಯಂತ್ರಕ್ಕೂ ಇದೇ ಮಾತು.

ಅಣ್ಣ ವಾಪಸ್ ಹೋದ. ಡೌನ್‌ರಿಗ್ಗರ್ ಸೂಟ್‌ಕೇಸಲ್ಲೇ ಹೋಯ್ತು. ಹೋಗೋ ಮುಂಚೆ ಹಾಸನದಲ್ಲಿ ಒಂದು ಲೈಫ್ ಜಾಕೆಟ್ ತಗೊಂಡು ಮೀನುಗಾರನಿಗೆ ಕೊಟ್ಟು ಬಂದ್ವಿ. ಕೊನೇ ಫೋಟೊ ಅದೇ. ನೀವೂ ಯಾರದ್ದಾದ್ರೂ ದೋಣಿ ಹತ್ತುವಾಗ ನಡೆಸೋನಿಗೂ ಜಾಕೆಟ್ ಇದೆಯಾ ಅಂತ ಒಂದ್ಸಲ ಕೇಳಿ.

ನಿಮ್ಮೂರಲ್ಲಿ ಗಾಳಕ್ಕೆ ಭಾರ ಹೇಗೆ ಕಟ್ತಾರೆ? ಕಾಮೆಂಟಲ್ಲಿ ಬರೀರಿ.

#ಹಾನುಬಾಳು #ಸಕಲೇಶಪುರ #ಆಲೂರು #ಹೇಮಾವತಿಹಿನ್ನೀರು #ಗಾಳ #ತೆಪ್ಪ