‘ಲೂಸಿಯಾ’ದ ಕನಸು, ಬಳ್ಳಿಗಾವಿಯ ವಾದ

ಪವನ್ ಕುಮಾರ್ ನಿರ್ದೇಶನದ ‘ಲೂಸಿಯಾ’ ತೆರೆ ಕಂಡದ್ದು 2013ರ ಸೆಪ್ಟೆಂಬರ್ 6ರಂದು. ಬಂಡವಾಳ ಹಾಕುವವರು ಸಿಗದೆ ನಿರ್ದೇಶಕರು ನೇರವಾಗಿ ಪ್ರೇಕ್ಷಕರನ್ನೇ ಕೇಳಿದಾಗ, 27 ದಿನಗಳಲ್ಲಿ 110 ಮಂದಿ ಸೇರಿ 51 ಲಕ್ಷ ರೂಪಾಯಿ ಕೊಟ್ಟಿದ್ದರು. ಅದೇ ವರ್ಷದ ಜುಲೈಯಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ನಡೆದು, ಪ್ರೇಕ್ಷಕರು ಆರಿಸುವ ಪ್ರಶಸ್ತಿಯೂ ಬಂತು. 2015ರಲ್ಲಿ ಅದು ‘ಎನಕ್ಕುಳ್ ಒರುವನ್’ ಎಂದು ತಮಿಳಿಗೂ ಹೋಯಿತು.

ಕಥೆಯ ಹಂದರ ಹೀಗಿದೆ. ನಿಕ್ಕಿ ಒಂದು ಹಳೆಯ ಚಿತ್ರಮಂದಿರದಲ್ಲಿ ಕತ್ತಲಲ್ಲಿ ಟಾರ್ಚ್ ಬಿಟ್ಟು ಜನರಿಗೆ ಸೀಟು ತೋರಿಸುವ ಹುಡುಗ. ಅವನಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ‘ಲೂಸಿಯಾ’ ಎಂಬ ಮಾತ್ರೆ ಅವನ ಕೈಸೇರುತ್ತದೆ. ಅದನ್ನು ನುಂಗಿ ಮಲಗಿದರೆ ಬೇಕಾದ ಕನಸು ಬೀಳುತ್ತದೆ, ನಿನ್ನೆ ನಿಂತಲ್ಲಿಂದ ಇಂದು ಮುಂದುವರಿಯುತ್ತದೆ. ಕನಸಿನಲ್ಲಿ ಅವನು ನಿಖಿಲ್ ಎಂಬ ಹೆಸರಾಂತ ನಟ. ಟಾರ್ಚ್ ಹುಡುಗನ ಬದುಕು ಬಣ್ಣದಲ್ಲಿ ಓಡಿದರೆ, ನಟನ ಬದುಕು ಕಪ್ಪು-ಬಿಳುಪಿನಲ್ಲಿ ಓಡುತ್ತದೆ. ಬಣ್ಣದ್ದೇ ನಿಜ ಎಂದು ನೋಡುಗರು ಎರಡು ಗಂಟೆ ನಂಬಿ ಕೂತಿರುತ್ತಾರೆ. ಕೊನೆಯಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ನಟನೇ ನಿಜ, ಟಾರ್ಚ್ ಹುಡುಗ ಅವನ ಕನಸು.

2010ರ ‘ಇನ್ಸೆಪ್ಷನ್’ ಜೊತೆಗೆ ಈ ಚಿತ್ರವನ್ನು ಹೋಲಿಸುವುದು ಸುಲಭ. ಎರಡರಲ್ಲೂ ಕನಸು ಕಥೆಯ ಬೆನ್ನೆಲುಬು. ಆದರೆ ‘ಲೂಸಿಯಾ’ದ ರಕ್ತಸಂಬಂಧ ಇನ್ನೂ ಹತ್ತಿರದಲ್ಲಿದೆ. ಕನಸು ಮತ್ತು ನಿಜದ ಪ್ರಶ್ನೆಯನ್ನು ಕನ್ನಡದಲ್ಲಿ ಅತಿ ಆಳಕ್ಕೆ ಒಯ್ದವರ ನೆಲ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳ ಸುತ್ತಲೇ ಇದೆ. ನಿಕ್ಕಿಯಾಗಿ ನಟಿಸಿದ ಸತೀಶ್ ಮಂಡ್ಯ ಜಿಲ್ಲೆಯವರಾದರೂ ನಟನೆ ಕಲಿತದ್ದು ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ, ಕೆ.ವಿ. ಸುಬ್ಬಣ್ಣನವರು ಕಟ್ಟಿದ ನೀನಾಸಂನಲ್ಲಿ. ಆ ಸಂಸ್ಥೆಯ ಹೆಸರೇ ಅವರ ಹೆಸರಿನ ಜೊತೆ ಸೇರಿಕೊಂಡಿದೆ. 1949ರಲ್ಲಿ ಹುಟ್ಟಿದ ನೀನಾಸಂ 1973ರಲ್ಲೇ ಚಿತ್ರಸಮಾಜ ಆರಂಭಿಸಿ, ಅಡಿಕೆ ತೋಟಗಳ ನಡುವಿನ ಹಳ್ಳಿಯಲ್ಲಿ ಜಗತ್ತಿನ ಸಿನಿಮಾ ತೋರಿಸಿತು.

ಇನ್ನು ಬಳ್ಳಿಗಾವಿ. ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದ ಬಳಿಯ ಈ ಊರಿಗೆ ಇಂದು ಬರುವವರು ಕೇದಾರೇಶ್ವರ, ತ್ರಿಪುರಾಂತಕೇಶ್ವರ ಗುಡಿಗಳ ಕೆತ್ತನೆ ನೋಡಿ ಮರಳುತ್ತಾರೆ. ಆದರೆ ಇಲ್ಲಿನ ಕೋಡಿಮಠದ ಬಗ್ಗೆ 1162ರ ಶಾಸನವೊಂದು ಹೇಳುವುದು ಬೇರೆಯೇ ಸಂಗತಿ. ಕಾಳಾಮುಖ ಶೈವರ ಆ ಮಠದಲ್ಲಿ ವೇದಗಳು, ಪಾಣಿನಿ ಮತ್ತು ಶಾಕಟಾಯನರ ವ್ಯಾಕರಣ, ಕಾವ್ಯ, ನಾಟಕ, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನ ಎಲ್ಲವೂ ವ್ಯಾಖ್ಯಾನಕ್ಕೆ ಒಳಗಾಗುತ್ತಿದ್ದವು. ದಿಕ್ಕಿಲ್ಲದವರಿಗೆ ಅನ್ನ, ರೋಗಿಗಳಿಗೆ ಔಷಧಿಯೂ ಸಿಗುತ್ತಿತ್ತು. ಅದೇ ಊರಿನಲ್ಲಿ 11ನೇ ಶತಮಾನದಲ್ಲಿ ಬೌದ್ಧ ವಿಹಾರವೂ ಇತ್ತು.

ಈ ಪಟ್ಟಿಯಲ್ಲಿ ಬರುವ ದರ್ಶನಗಳ ನಡುವೆ ಶತಮಾನಗಳ ಕಾಲ ನಡೆದ ಜಗಳಗಳಲ್ಲಿ ಕನಸಿನದು ಬಹು ದೊಡ್ಡದು. ಅರಿವೊಂದೇ ನಿಜ ಎನ್ನುವ ಬೌದ್ಧ ವಿಜ್ಞಾನವಾದಿ ವಸುಬಂಧು ತನ್ನ ‘ವಿಂಶತಿಕಾ’ದಲ್ಲಿ ಮುಂದಿಟ್ಟ ವಾದ ಸರಳವಾದದ್ದು. ಹೊರಗೆ ವಸ್ತುವಿಲ್ಲದಿದ್ದರೂ ಕನಸಿನಲ್ಲಿ ಊರು, ತೋಟ, ಜನ ಎಲ್ಲರೂ ನಿರ್ದಿಷ್ಟ ಜಾಗದಲ್ಲಿ, ನಿರ್ದಿಷ್ಟ ಹೊತ್ತಿನಲ್ಲಿ ಕಾಣುತ್ತಾರೆ. ಎಚ್ಚರವೂ ಹಾಗೇ ಏಕಿರಬಾರದು? ಏಳುವ ತನಕ ಕನಸು ಸುಳ್ಳೆಂದು ಯಾರಿಗೂ ಗೊತ್ತಾಗುವುದಿಲ್ಲವಲ್ಲ. ಇದಕ್ಕೆ ಮೀಮಾಂಸಕ ಕುಮಾರಿಲ ಭಟ್ಟ ಕೊಟ್ಟ ಉತ್ತರವೂ ಅಷ್ಟೇ ಗಟ್ಟಿಯಾದದ್ದು. ಕನಸಿಗೂ ಹೊರಗಿನ ಆಧಾರವಿದೆ, ಬೇರೆಲ್ಲೋ ಬೇರಾವಾಗಲೋ ಕಂಡದ್ದೇ ಅಲ್ಲಿ ಸ್ಥಳ ಮತ್ತು ಕಾಲ ಬದಲಿಸಿಕೊಂಡು ಬರುತ್ತದೆ ಎಂದ. ಶಂಕರರು ಮತ್ತೊಂದು ಅಳತೆಗೋಲು ಕೊಟ್ಟರು. ಎಚ್ಚರವಾದಾಗ ಕನಸಿನ ವಸ್ತು ಇಲ್ಲವಾಗುತ್ತದೆ, ಎಚ್ಚರದಲ್ಲಿ ಕಂಡ ಕಂಬ ಹಾಗೆ ಇಲ್ಲವಾಗುವುದಿಲ್ಲ. ಆದ್ದರಿಂದ ಎರಡೂ ಒಂದೇ ಅಲ್ಲ.

‘ಲೂಸಿಯಾ’ದ ಚಿತ್ರಕಥೆ ಈ ಎರಡೂ ಕಡೆಯ ವಾದಗಳನ್ನು ಬಳಸಿಕೊಳ್ಳುತ್ತದೆ. ನೋಡುಗರನ್ನು ಕೊನೆಯವರೆಗೆ ಕಟ್ಟಿಹಾಕುವುದು ವಸುಬಂಧುವಿನ ವಾದ. ಗುಟ್ಟು ಬಿಚ್ಚುವುದು ಕುಮಾರಿಲನ ಉತ್ತರ. ನಟನ ವ್ಯವಹಾರ ನೋಡಿಕೊಳ್ಳುವ ಶಂಕರ್ ಕನಸಿನಲ್ಲಿ ಚಿತ್ರಮಂದಿರದ ಯಜಮಾನ ಶಂಕರಣ್ಣನಾಗುತ್ತಾನೆ. ಅಚ್ಯುತ್ ಕುಮಾರ್ ಎರಡನ್ನೂ ನಿಭಾಯಿಸಿದ್ದಾರೆ. ರೂಪದರ್ಶಿಯಾಗಿರುವ ಶ್ವೇತಾ ಪಿಜ್ಜಾ ಅಂಗಡಿಯಲ್ಲಿ ದುಡಿಯುವ ಹುಡುಗಿಯಾಗುತ್ತಾಳೆ. ಕನಸು ಏನನ್ನೂ ಹೊಸದಾಗಿ ಸೃಷ್ಟಿಸಿಲ್ಲ, ಇದ್ದವರನ್ನೇ ಬೇರೆ ಜಾಗದಲ್ಲಿ ನಿಲ್ಲಿಸಿದೆ.

ನಿಕ್ಕಿಯ ಮಾತ್ರೆ ಕಟ್ಟುಕಥೆಯಾದರೂ, ಕನಸಿನೊಳಗೆ ಎಚ್ಚರವಾಗಿರಬಹುದು ಎಂಬುದಕ್ಕೆ ಇಂದು ಪ್ರಯೋಗಶಾಲೆಯ ಪುರಾವೆ ಇದೆ. ಕನಸು ದಟ್ಟವಾಗಿ ಬೀಳುವ ನಿದ್ದೆಯ ಹಂತವನ್ನು 1953ರಲ್ಲಿ ಷಿಕಾಗೊದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಗುರುತಿಸಿದರು. ಆ ಹಂತದಲ್ಲಿ ಮೈಯ ಸ್ನಾಯುಗಳು ಸಡಿಲಬಿದ್ದು ಕೈಕಾಲು ಆಡುವುದಿಲ್ಲ, ಕಣ್ಣುಗುಡ್ಡೆ ಮಾತ್ರ ಆಡುತ್ತದೆ. 1975ರಲ್ಲಿ ಇಂಗ್ಲೆಂಡಿನ ಕೀತ್ ಹರ್ನ್ ಇದನ್ನೇ ಬಳಸಿಕೊಂಡರು. ನಿದ್ರಿಸುತ್ತಿದ್ದವರು ಮೊದಲೇ ಮಾತಾಡಿಕೊಂಡಂತೆ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಿ, ‘ಇದು ಕನಸು ಎಂದು ನನಗೆ ಗೊತ್ತು’ ಎಂಬ ಸಂಜ್ಞೆ ಕಳಿಸಿದರು. 2021ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಮುಂದೆ ಹೋಯಿತು. ಎಂಟರಲ್ಲಿ ಆರು ಕಳೆದರೆ ಎಷ್ಟು ಎಂದು ಮಲಗಿದವರನ್ನು ಕೇಳಿದಾಗ, ಕನಸಿನೊಳಗಿಂದಲೇ ಕಣ್ಣನ್ನು ಎರಡು ಸಲ ಹೊರಳಿಸಿ ಉತ್ತರ ಬಂತು.

ಇಷ್ಟಾದರೂ ಒಂದು ಪ್ರಶ್ನೆಗೆ ಪ್ರಯೋಗಶಾಲೆಯೂ ತರ್ಕವೂ ಉತ್ತರಿಸುವುದಿಲ್ಲ. ಮನಸ್ಸು ಇದೇ ಕನಸನ್ನು ಏಕೆ ಆರಿಸಿಕೊಂಡಿತು? ಹೆಸರು, ಹಣ ಎಲ್ಲ ಇದ್ದ ನಟ, ಟಾರ್ಚ್ ಹಿಡಿದು ನಿಲ್ಲುವ ಬಡ ಹುಡುಗನಾಗಲು ಏಕೆ ಹಂಬಲಿಸಿದ? ಬಳ್ಳಿಗಾವಿಯ ಅಲ್ಲಮಪ್ರಭು ಬೇಕಾಗುವುದು ಇಲ್ಲಿ.

ಹರಿಹರನ ರಗಳೆಯಲ್ಲಿ ಅಲ್ಲಮ ಮದ್ದಳೆಗಾರ. ಪ್ರೀತಿಸಿ ಕೈಹಿಡಿದ ಕಾಮಲತೆ ಜ್ವರಕ್ಕೆ ಬಲಿಯಾಗುತ್ತಾಳೆ. ಮರುಳನಂತೆ ಅಲೆಯುತ್ತ ತೋಟವೊಂದರಲ್ಲಿ ಕೂತು ಕಾಲುಗುರಿನಿಂದ ನೆಲ ಕೆರೆಯುವಾಗ ಅವನಿಗೆ ಚಿನ್ನದ ಕಳಸದ ತುದಿ ಕಾಣುತ್ತದೆ. ಅಗೆಸಿದರೆ ಇಡೀ ಗುಡಿ, ಬಾಗಿಲು ತೆರೆದರೆ ಒಳಗೆ ಲಿಂಗದ ಮೇಲೆ ದೃಷ್ಟಿ ನೆಟ್ಟು ಕೂತ ಅನಿಮಿಷಯ್ಯ. ಆ ಲಿಂಗ ಅಲ್ಲಮನ ಕೈಗೆ ಬರುತ್ತದೆ, ಅನಿಮಿಷಯ್ಯನ ಉಸಿರು ನಿಲ್ಲುತ್ತದೆ. 15ನೇ ಶತಮಾನದ ಚಾಮರಸ ‘ಪ್ರಭುಲಿಂಗಲೀಲೆ’ಯಲ್ಲಿ ಕಥೆಯನ್ನೇ ಬದಲಿಸಿ, ಸೊರಬಕ್ಕೆ ಅಂಟಿಕೊಂಡ ಬನವಾಸಿಗೆ ತಂದ. ಅಲ್ಲಿ ಮಾಯೆಯೇ ಮಮಕಾರ ರಾಜನ ಮಗಳಾಗಿ ಹುಟ್ಟಿ, ಮಧುಕೇಶ್ವರನ ಗುಡಿಯಲ್ಲಿ ಅಲ್ಲಮನ ಮದ್ದಳೆಗೆ ಮನಸೋಲುತ್ತಾಳೆ. ಅವನು ಮಾತ್ರ ಅವಳ ಕೈಗೆ ಸಿಗುವುದಿಲ್ಲ. ಅಲ್ಲಮನ ವಚನಗಳು ಮಾಯೆಯನ್ನು ಹೊರಗಿನ ವಸ್ತುವಿನಲ್ಲಿ ಹುಡುಕದೆ ಮನದ ಆಸೆಯಲ್ಲೇ ಗುರುತಿಸುತ್ತವೆ. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿಯೂ ಕನಸೊಂದನ್ನು ವಚನವಾಗಿಸಿದಳು. ಅಕ್ಕಿ, ಅಡಿಕೆ, ತೆಂಗಿನಕಾಯಿಗಳಿಂದ ಶುರುವಾಗುವ ಆ ಕನಸು ಚೆನ್ನಮಲ್ಲಿಕಾರ್ಜುನನ ದರ್ಶನದಲ್ಲಿ ಮುಗಿಯುತ್ತದೆ. ಕನಸು ನಿಜವೋ ಸುಳ್ಳೋ ಎಂದು ಅವಳು ಪರೀಕ್ಷಿಸುವುದಿಲ್ಲ. ತನಗೆ ಬೇಕಾದವನು ಯಾರೆಂದು ಅದರಿಂದ ತಿಳಿಯುತ್ತಾಳೆ, ಅಷ್ಟು ಸಾಕು.

‘ಲೂಸಿಯಾ’ದ ನಟನ ಕನಸನ್ನೂ ಹೀಗೇ ಓದಬೇಕು. ಜನ ಮುತ್ತಿಕೊಳ್ಳದ ಬೀದಿ, ಹೆಸರು ನೋಡದೆ ಒಲಿಯುವ ಹುಡುಗಿ, ಬೈದು ಅನ್ನ ಹಾಕುವ ಶಂಕರಣ್ಣ: ಎಚ್ಚರದಲ್ಲಿ ಅವನಿಗೆ ಸಿಗದೆ ಹೋದದ್ದೆಲ್ಲ ಅಲ್ಲಿದೆ. ಬಣ್ಣವಿರುವುದು ಆ ಬದುಕಿಗೆ ಏಕೆಂದರೆ ಆಸೆ ಇರುವುದು ಅಲ್ಲಿ. ಬರಿಯ ತಿರುವಿನ ಚಮತ್ಕಾರವೆಂದು ಈ ಚಿತ್ರವನ್ನು ಮೆಚ್ಚಿ ಬಿಟ್ಟುಬಿಟ್ಟರೆ ಅದಕ್ಕೂ ಅನ್ಯಾಯ, ಅದರ ಹಿಂದಿರುವ ಪರಂಪರೆಗೂ ಅನ್ಯಾಯ.

ಶಿಕಾರಿಪುರ, ಸೊರಬದ ಕಾಲೇಜುಗಳಲ್ಲಿ ಕನ್ನಡ ಪಾಠ ಮಾಡುವ ಮೇಷ್ಟ್ರುಗಳು ಚಾಮರಸನ ಮಾಯಾಪ್ರಸಂಗ ಮುಗಿಸಿದ ವಾರವೇ ವಿದ್ಯಾರ್ಥಿಗಳಿಗೆ ‘ಲೂಸಿಯಾ’ ತೋರಿಸಬಹುದು. ಆಮೇಲೆ ಒಂದು ದಿನ ಎಲ್ಲರನ್ನೂ ಬಳ್ಳಿಗಾವಿಗೆ ಕರೆದೊಯ್ದು, ಒಂದು ಗುಂಪಿಗೆ ವಸುಬಂಧುವಿನ ಪಕ್ಷ, ಇನ್ನೊಂದಕ್ಕೆ ಕುಮಾರಿಲನ ಪಕ್ಷ, ಮೂರನೆಯದಕ್ಕೆ ಅಲ್ಲಮನ ಪಕ್ಷ ಕೊಟ್ಟು ಕೇದಾರೇಶ್ವರ ಗುಡಿಯ ಅಂಗಳದಲ್ಲೇ ವಾದಕ್ಕೆ ಕೂರಿಸಬೇಕು. ನಿಖಿಲ್‌ನ ಕನಸಿನ ಬಗ್ಗೆ ಇಪ್ಪತ್ತರ ಹುಡುಗರು, ಹುಡುಗಿಯರು ಏನು ಹೇಳುತ್ತಾರೆ ಎಂಬುದನ್ನು ಮೇಷ್ಟ್ರುಗಳು ಬರೆದಿಟ್ಟುಕೊಳ್ಳಬೇಕು.